ಹೂವು ತುಂಬಿದರೂ ಕಾಯಿ ಏಕೆ ಕಚ್ಚಲಿಲ್ಲ?

ಸಿದ್ದಾಪುರ ಕಡೆಯ ಬೆಳೆಗಾರರೊಬ್ಬರ ಪತ್ರ: "ಚೆನ್ನಾಗಿ ಫಸಲು ಕೊಡುವ ಒಂದೇ ರೊಬಸ್ಟಾ ಕಾಫಿ ಗಿಡದ ಕಡ್ಡಿ ತಂದು ಕಸಿ ಮಾಡಿಸಿ, ತೋಟದ ಒಂದು ಭಾಗ ಪೂರ್ತಿ ಅದನ್ನೇ ನೆಟ್ಟೆ. ಹೂಮಳೆ ಸರಿಯಾಗಿ ಬಂತು, ತೋಟ ಬೆಳ್ಳಗಾಯಿತು. ಕಾಯಿ ಮಾತ್ರ ಅಲ್ಲೊಂದು ಇಲ್ಲೊಂದು. ಒಂದೇ ಹೂವಿನಲ್ಲಿ ಗಂಡೂ ಹೆಣ್ಣೂ ಇರುವಾಗ ಹೀಗೇಕೆ? ಪಿಯುಸಿ ಓದುವ ಮಗಳು, ಕಾಫಿ ಬೀಜದಲ್ಲಿ ಎರಡು ಕೂಡಿಕೆ ಆಗುತ್ತದೆ ಅನ್ನುತ್ತಾಳೆ. ಹೌದಾ? ಮಿಡಿ ಮಳೆಗಾಲದವರೆಗೂ ಸುಮ್ನೆ ಕೂತಿರುವುದೇಕೆ?"

ಉತ್ತರ: ತೊಂದರೆ ಇರುವುದು ಮಳೆಯಲ್ಲಿ ಅಲ್ಲ, ಆ ಒಂದೇ ಗಿಡದಲ್ಲಿ ಅನಿಸುತ್ತದೆ. ರೊಬಸ್ಟಾ ಹೂವು ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಪರಾಗ ಬಂದು ಕೂರುತ್ತದೆ, ಆದರೆ ಅದರಿಂದ ಹೊರಡುವ ಸಣ್ಣ ನಳಿಕೆಯನ್ನು ಹೂವು ದಾರಿಯಲ್ಲೇ ತಡೆಯುತ್ತದೆ. ಅಂಡದವರೆಗೆ ಹೋಗುವುದು ಬೇರೆ ಗುಣದ ಗಿಡದಿಂದ ಬಂದ ಪರಾಗ ಮಾತ್ರ. ಕಸಿಯಲ್ಲಿ ಆಗಿರುವುದೇನು? ನೀವು ನೂರು ಗಿಡ ನೆಟ್ಟಿದ್ದರೂ ಹುಟ್ಟಿನ ಲೆಕ್ಕದಲ್ಲಿ ಅದು ಒಂದೇ ಗಿಡ. ಪಕ್ಕದ ಗಿಡದ ಪರಾಗವೂ ಅದಕ್ಕೆ ತನ್ನದೇ ಪರಾಗ. ಬೀಜದಿಂದ ಬೆಳೆಸಿದ ಹಳೆಯ ತೋಟಗಳಲ್ಲಿ ಒಂದೊಂದು ಗಿಡವೂ ಬೇರೆ ಬೇರೆ, ಹಾಗಾಗಿ ಅಲ್ಲಿ ಈ ರಗಳೆ ಕಾಣುವುದಿಲ್ಲ. ಬೇಕಾದರೆ ಹಳೆಯ ಗಿಡಗಳ ಪಕ್ಕಕ್ಕೇ ಇರುವ ನಿಮ್ಮ ಕಸಿ ಸಾಲನ್ನು ನೋಡಿ. ಅಲ್ಲಿ ಕಾಯಿ ಜಾಸ್ತಿ ಇದ್ದರೆ ಅನುಮಾನವೇ ಬೇಡ.

ಕಾಫಿಯ ಇನ್ನೊಂದು ಜಾತಿ ಅರೇಬಿಕಾ ಬೆಳೆಯುವವರಿಗೆ ಈ ಚಿಂತೆ ಇಲ್ಲ. ಅದು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು.

ರೊಬಸ್ಟಾ ಪರಾಗ ಹಗುರ, ಗಾಳಿಯಲ್ಲೂ ಹಾರುತ್ತದೆ. ಆದರೂ ಜೇನು ಬಂದರೆ ಆ ಲೆಕ್ಕವೇ ಬೇರೆ. ಕೊಡಗಿನ ತೋಟಗಳಲ್ಲೇ ನಡೆದ ಅಧ್ಯಯನದಲ್ಲಿ ರೊಬಸ್ಟಾಗೆ ಹೆಚ್ಚು ನೆರವಾಗುವುದು ಹೆಜ್ಜೇನು ಎಂದು ಕಂಡುಬಂದಿದೆ. ಹೂವು ತಾಜಾ ಇರುವುದೇ ಎರಡು ಮೂರು ದಿನ. ಆ ದಿನಗಳಲ್ಲೇ ಮಳೆ ಸುರಿದರೆ ಪರಾಗ ತೊಳೆದುಹೋಗುತ್ತದೆ, ಜೇನೂ ಗೂಡು ಬಿಟ್ಟು ಹೊರಡುವುದಿಲ್ಲ. ಮರದ ಮೇಲಿನ ಹೆಜ್ಜೇನು ಗೂಡಿಗೆ ಬೆಂಕಿ ಹಿಡಿಯುವವರನ್ನು, ಹೂವಿನ ಹೊತ್ತಿನಲ್ಲಿ ಕೀಟನಾಶಕ ಹೊಡೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೂಲಿ ಕೊಟ್ಟರೂ ಯಾರೂ ಮಾಡದ ಕೆಲಸವನ್ನು ಅವು ಬಿಟ್ಟಿ ಮಾಡುತ್ತವೆ, ಅಲ್ವಾ?

ಇನ್ನು ಮಗಳ ಮಾತು. ಅವಳು ಹೇಳಿದ್ದು ಪೂರ್ತಿ ಸರಿ. ಒಂದು ಪರಾಗ ನಳಿಕೆಯಲ್ಲಿ ಎರಡು ಗಂಡು ಕಣಗಳು ಇಳಿಯುತ್ತವೆ. ಒಂದು ಅಂಡದ ಜೊತೆ ಸೇರುತ್ತದೆ: ರೊಬಸ್ಟಾದಲ್ಲಿ ಅಪ್ಪನ 11, ಅಮ್ಮನ 11, ಒಟ್ಟು 22 ಕ್ರೋಮೋಸೋಮ್. ಅದು ಭ್ರೂಣ, ಅಂದರೆ ನಾಳೆಯ ಗಿಡ. ಇನ್ನೊಂದು ಕಣ ಅಮ್ಮನ ಕಡೆಯ ಎರಡು ಕೋಶಕೇಂದ್ರಗಳ ಜೊತೆ ಸೇರಿ 33 ಕ್ರೋಮೋಸೋಮಿನ ಎಂಡೋಸ್ಪರ್ಮ್ ಆಗುತ್ತದೆ. ಇದು ಭ್ರೂಣಕ್ಕೆ ಕಟ್ಟಿಕೊಟ್ಟ ಬುತ್ತಿ. ಹೂಬಿಡುವ ಸಸ್ಯಗಳಲ್ಲಿ ಹೀಗೆ ಎರಡು ಕೂಡಿಕೆ ನಡೆಯುವುದನ್ನು 1898ರಲ್ಲಿ ರಷ್ಯಾದ ಸೆರ್ಗೈ ನವಾಶಿನ್ ಲಿಲ್ಲಿ ಬಳಗದ ಹೂವುಗಳಲ್ಲಿ ಕಂಡುಹಿಡಿದರು. ನಾವು ಹುರಿದು ಪುಡಿ ಮಾಡಿ ಕುಡಿಯುವುದು ಬಹುಪಾಲು ಈ ಎಂಡೋಸ್ಪರ್ಮನ್ನೇ. ಭ್ರೂಣ ಬೀಜದ ಒಂದು ತುದಿಯಲ್ಲಿ ಮೂರು ನಾಲ್ಕು ಮಿಲಿಮೀಟರ್ ಉದ್ದಕ್ಕೆ ಅಡಗಿರುತ್ತದೆ.

ಕಾಯಿಯೊಳಗೆ ಬೀಜವಾಗಬಲ್ಲ ಅಂಡಕಗಳು ಎರಡು. ಎರಡೂ ಫಲಿಸಿದರೆ ಒಂದು ಬದಿ ಚಪ್ಪಟೆಯಾದ ಜೋಡಿ ಬೀಜ. ಒಂದು ಕೈಕೊಟ್ಟರೆ ಉಳಿದದ್ದು ಜಾಗವನ್ನೆಲ್ಲ ತುಂಬಿಕೊಂಡು ಉರುಟಾಗುತ್ತದೆ. ಪೀಬೆರಿ ಅಂತ ನೀವು ಬೇರೆ ಮಾಡುವುದು ಇದನ್ನೇ. ನಿಮ್ಮ ಕಸಿ ಗಿಡಗಳಲ್ಲಿ ಪೀಬೆರಿಯೂ ಜಾಸ್ತಿ ಇದ್ದರೆ, ಪರಾಗ ಸಾಲದ್ದಕ್ಕೆ ಅದೂ ಒಂದು ಗುರುತು.

ಮಿಡಿ ಸುಮ್ನೆ ಕೂತಿದೆ ಅಂದಿರಲ್ಲ, ಹೊರಗೆ ನೋಡಿದರೆ ಹಾಗೇ ಕಾಣುತ್ತದೆ. ಒಳಗೆ ಮೊದಲು ಎಚ್ಚರವಾಗುವುದು ಎಂಡೋಸ್ಪರ್ಮ್, ಅದೂ ಮೂರು ವಾರಗಳಷ್ಟು ಕಳೆದ ಮೇಲೆ. ಭ್ರೂಣವಾಗಬೇಕಾದ ಆ ಒಂದು ಕಣ ಮೊದಲ ಸಲ ಎರಡಾಗುವುದು ಸುಮಾರು ಎರಡು ತಿಂಗಳಿಗೆ. ಅಂದರೆ ಮಾರ್ಚ್‌ನಲ್ಲಿ ಹೂಬಿಟ್ಟರೆ ಮೇ ತಿಂಗಳಿಗೆ. ಆಮೇಲೆ ಮುಂಗಾರಿನ ನೀರು ಸಿಕ್ಕಾಗ ಕಾಯಿ ದಪ್ಪಗಾಗುವುದು ಕಣ್ಣಿಗೇ ಕಾಣುತ್ತದೆ. ಈ ನಡುವೆ ಬ್ಯಾಕಿಂಗ್ ಮಳೆ, ಅಂದರೆ ಹೂಮಳೆಯ ಬೆನ್ನಿಗೆ ಬರಬೇಕಾದ ಮಳೆ, ತಪ್ಪಿದರೆ ಫಲಿಸಿದ ಮಿಡಿಯೂ ಉದುರಬಹುದು. ಸ್ಪ್ರಿಂಕ್ಲರ್ ಇದ್ದರೆ ಆಗ ಬಳಸಿ.

ಗಿಡಗಳನ್ನು ಕೀಳಬೇಡಿ. ನಡುನಡುವೆ ಕೆಲವು ಗಿಡಗಳ ತಲೆ ತೆಗೆದು, ಎರಡು ಮೂರು ಬೇರೆ ಗಿಡಗಳಿಂದ ಆರಿಸಿದ ಕಡ್ಡಿಗಳಿಂದ ಕಸಿ ಮಾಡಿಸಿ. ಜೊತೆಯಲ್ಲೇ ಹೂಬಿಡುವ ಗಿಡಗಳೇ ಆಗಬೇಕು. ಯಾವ ಗಿಡ ಯಾವುದಕ್ಕೆ ಹೊಂದುತ್ತದೆ ಎಂಬುದನ್ನು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೇಳಿಕೊಂಡು, ಆಮೇಲೆ ಕೈ ಹಾಕಿ.

— ಸಂಪಾದಕ