ಫಲಿತಾಂಶ ಮೊದಲೇ ಗೊತ್ತಿದ್ದರೆ ಆಟ ಯಾಕೆ ಸಪ್ಪೆ ಅನಿಸುತ್ತದೆ? ಬದುಕೂ ಹಾಗೇನಾ?

ನಿರೀಕ್ಷೆಗಿಂತ ಒಳ್ಳೆಯದು ಸಿಕ್ಕಾಗ ಮಿದುಳಿನಲ್ಲಿ ಡೋಪಮಿನ್ ಎಂಬ, ಹುರುಪಿಗೆ ಸಂಬಂಧಿಸಿದ ರಾಸಾಯನಿಕವನ್ನು ಬಿಡುವ ನರಕೋಶಗಳು ಚುರುಕಾಗುತ್ತವೆ. ಗೊತ್ತಿದ್ದದ್ದೇ ಸಿಕ್ಕಿದರೆ ಅಷ್ಟಿಲ್ಲ. ಫುಟ್‌ಬಾಲ್ ನೋಡಿ. ಅಲ್ಲಿ ಗೋಲುಗಳೇ ಕಡಿಮೆ, ಹಾಗಾಗಿ ಒಂದೇ ಗೋಲು ಬಲಿಷ್ಠ ತಂಡವನ್ನೂ ಮಣಿಸಬಹುದು. ಅಂಕಗಳು ರಾಶಿ ಬೀಳುವ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದೃಷ್ಟಕ್ಕೆ ಅಷ್ಟು ಜಾಗವಿಲ್ಲ. 2015–16ರಲ್ಲಿ ಲೆಸ್ಟರ್ ಸಿಟಿ ಎಂಬ ಫುಟ್‌ಬಾಲ್ ತಂಡ ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್ ಗೆದ್ದಿತು. ಸೀಸನ್ ಶುರುವಿನಲ್ಲಿ ಬೆಟ್ಟಿಂಗ್ ಕಂಪನಿಗಳು ಅದಕ್ಕೆ ಕೊಟ್ಟಿದ್ದ ದರ 1ಕ್ಕೆ 5000, ಅಂದರೆ ಅದು ಗೆಲ್ಲುವುದು ಬಹುತೇಕ ಅಸಾಧ್ಯ ಎಂದೇ ಲೆಕ್ಕ! ಆ ತಂಡದ ಜೊತೆ ಯಾವ ನಂಟೂ ಇಲ್ಲದವರೂ ಕುಣಿದಾಡಿದರು.

ಬದುಕಿನ ಮಾತು ಬೇರೆ. ತಂಡ ಸೋತರೆ ನಮಗೆ ನಷ್ಟವಿಲ್ಲ. ಕೆಲಸವೋ ಆರೋಗ್ಯವೋ ಕೈಕೊಟ್ಟರೆ ಇದೆ, ಅಲ್ವಾ? ಅದಕ್ಕೇ ಸಂಬಳ ತಿಂಗಳು ತಿಂಗಳು ಸರಿಯಾಗಿ ಬರಲಿ ಎನ್ನುವವರೇ, ಪಂದ್ಯ ಮಾತ್ರ ಕೊನೆಯ ಓವರ್‌ವರೆಗೂ ಹೋಗಲಿ ಎಂದು ಮನಸಾರೆ ಬಯಸುತ್ತಾರೆ.