ಅಡುಗೆಮನೆ ಪ್ರಶ್ನೋತ್ತರ: ಒಡೆದು ಹಾಕಿದ ಮೊಟ್ಟೆ ಸಾರಿನಲ್ಲಿ ಚದುರುವುದೇಕೆ?

ಪ್ರಶ್ನೆ: ಮುದ್ದೆಗೆ ಮೊಟ್ಟೆ ಸಾರು ಮಾಡುವಾಗ ನಮ್ಮ ಮನೆಯಲ್ಲಿ ಮೊಟ್ಟೆಯನ್ನು ಮೊದಲೇ ಬೇಯಿಸುವುದಿಲ್ಲ, ಸಾರಿಗೇ ಒಡೆದು ಬಿಡುತ್ತೇವೆ. ಅತ್ತೆಯವರು ಮಾಡಿದರೆ ಮೊಟ್ಟೆ ಇಡಿಯಾಗಿ ನಿಲ್ಲುತ್ತದೆ. ನಾನು ಮಾಡಿದರೆ ಬಿಳಿಯೆಲ್ಲ ನೂಲುನೂಲಾಗಿ ಹರಡುತ್ತದೆ. ಮಸಾಲೆ ಇಬ್ಬರದೂ ಒಂದೇ. ಏನು ಮಾಡಲಿ?
– ಓದುಗರು, ಮದ್ದೂರು

ಉತ್ತರ: ಮಸಾಲೆ ಒಂದೇ ಆಗಿದ್ದರೆ ನೋಡಬೇಕಾದದ್ದು ಮೊಟ್ಟೆ ಎಷ್ಟು ದಿನದ್ದು ಮತ್ತು ಅದನ್ನು ಬಿಡುವ ಹೊತ್ತಿಗೆ ಸಾರು ಎಷ್ಟು ಜೋರಾಗಿ ಕುದಿಯುತ್ತಿದೆ ಎಂಬುದನ್ನು. ಹೊಸ ಮೊಟ್ಟೆಯನ್ನು ತಟ್ಟೆಗೆ ಒಡೆದರೆ ಹಳದಿಯ ಸುತ್ತ ಬಿಳಿ ಮಂದವಾಗಿ, ಗುಪ್ಪೆಯಾಗಿ ನಿಲ್ಲುತ್ತದೆ. ದಿನ ಕಳೆದಂತೆ ಸಿಪ್ಪೆಯ ಸಣ್ಣ ರಂಧ್ರಗಳ ಮೂಲಕ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಆ ಮಂದ ಬಿಳಿ ತೆಳುವಾಗಿ ನೀರಿನಂತಾಗುತ್ತದೆ. ಸಾರಿನಲ್ಲಿ ನೂಲಾಗಿ ಹರಡುವುದು ಈ ತೆಳು ಬಿಳಿಯೇ. ಮೊಟ್ಟೆಯ ವಯಸ್ಸು ತಿಳಿಯದಿದ್ದರೆ ಒಂದು ಪಾತ್ರೆ ನೀರಿನಲ್ಲಿ ಬಿಟ್ಟು ನೋಡಿ. ಹೊಸದು ತಳದಲ್ಲಿ ಅಡ್ಡಲಾಗಿ ಮಲಗುತ್ತದೆ, ಹಳೆಯದು ತುದಿಯ ಮೇಲೆ ನಿಲ್ಲುತ್ತದೆ. ತೇಲಿದ್ದನ್ನು ಸಾರಿಗೆ ಹಾಕುವ ಯೋಚನೆಯನ್ನೇ ಬಿಡಿ.

ಇನ್ನು ಉರಿಯ ವಿಷಯ. ಹುರಿದ ಈರುಳ್ಳಿ, ತೆಂಗಿನಕಾಯಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಧನಿಯಾ ಪುಡಿ, ಖಾರದ ಪುಡಿಗಳ ಜೊತೆ ಒಂದು ಚಮಚ ಹುರಿಗಡಲೆ ಸೇರಿಸಿ ರುಬ್ಬಿದ ಮಸಾಲೆಯನ್ನು ಹಸಿ ವಾಸನೆ ಹೋಗುವವರೆಗೆ, ಅಂದರೆ 10ರಿಂದ 15 ನಿಮಿಷ, ಚೆನ್ನಾಗಿ ಕುದಿಸಬೇಕು. ಉಪ್ಪು, ಖಾರ ನೋಡಿ ಸರಿಪಡಿಸುವುದೂ ಆಗಲೇ ಮುಗಿಯಬೇಕು, ಏಕೆಂದರೆ ಮೊಟ್ಟೆ ಬಿಟ್ಟ ಮೇಲೆ ಸೌಟು ಹಾಕುವಂತಿಲ್ಲ. ಆಮೇಲೆ ಉರಿಯನ್ನು ತಗ್ಗಿಸಿ, ಅಂಚಿನಲ್ಲಿ ಮಾತ್ರ ಸಣ್ಣ ಗುಳ್ಳೆ ಏಳುವ ಸ್ಥಿತಿಗೆ ತನ್ನಿ. ಮೊಟ್ಟೆಯ ಬಿಳಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ ದಾಟಿದಾಗಲೇ ಹೆಪ್ಪುಗಟ್ಟಲು ಆರಂಭಿಸುವುದರಿಂದ ಕೊತಕೊತ ಕುದಿಯುವ ಸಾರು ಅದಕ್ಕೆ ಬೇಕಾಗಿಯೇ ಇಲ್ಲ. ಆ ಕುದಿತದ ಹೊಡೆತಕ್ಕೆ ಬಿಳಿ ಗಟ್ಟಿಯಾಗುವ ಮೊದಲೇ ಹರಿದುಹೋಗುತ್ತದೆ. ಒಂದೊಂದೇ ಮೊಟ್ಟೆಯನ್ನು ಸಣ್ಣ ಬಟ್ಟಲಿಗೆ ಒಡೆದು, ಬಟ್ಟಲನ್ನು ಸಾರಿನ ಮಟ್ಟಕ್ಕೆ ತಂದು, ಬೇರೆಬೇರೆ ಜಾಗದಲ್ಲಿ ಮೆಲ್ಲಗೆ ಜಾರಿಸಿ. ಹೀಗೆ ಮಾಡಿದರೆ ಕೆಟ್ಟ ಮೊಟ್ಟೆಯೊಂದು ಇಡೀ ಸಾರನ್ನು ಹಾಳು ಮಾಡುವ ಭಯವೂ ಇರುವುದಿಲ್ಲ. ತಟ್ಟೆ ಮುಚ್ಚಿ 7–8 ನಿಮಿಷ ಬಿಟ್ಟರೆ ಸಾಕು. ಪಾತ್ರೆ ಅಗಲವಾಗಿರಲಿ. ಸಾರು ತೀರ ನೀರಾಗಿದ್ದರೆ ಮೊಟ್ಟೆ ತಳಕ್ಕಿಳಿದು ಹತ್ತಿಕೊಳ್ಳುತ್ತದೆ, ಹುರಿಗಡಲೆಯ ಉಪಯೋಗ ಇರುವುದು ಅಲ್ಲಿಯೇ. ಟೊಮೆಟೊ ಅಥವಾ ತುಸು ಹುಣಸೆಹುಳಿ ಹಾಕುವ ರೂಢಿಯಿದ್ದರೆ ಬಿಡಬೇಡಿ. ಹುಳಿಯಿದ್ದಲ್ಲಿ ಬಿಳಿ ಬೇಗ ಗಟ್ಟಿಯಾಗುತ್ತದೆ.

ಹಳದಿ ಅರೆಬೆಂದಿದ್ದರೆ ರುಚಿ ಎನ್ನುವವರು ಅನೇಕರಿದ್ದಾರೆ. ಆದರೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಅಪಾಯವಿರುವುದರಿಂದ ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಇರುವ ಮನೆಯಲ್ಲಿ ಹಳದಿಯೂ ಪೂರ್ತಿ ಗಟ್ಟಿಯಾಗುವವರೆಗೆ ಬೇಯಿಸಿರಿ.

ಪ್ರಶ್ನೆ: ಮನೆಯ ನಾಟಿ ಕೋಳಿಗಳು ಇಟ್ಟ ಮೊಟ್ಟೆಯನ್ನು ಅಂದೇ ಬೇಯಿಸಿದರೆ ಸಿಪ್ಪೆಯೊಂದಿಗೆ ಬಿಳಿಯೂ ಕಿತ್ತು ಬರುತ್ತದೆ. ಅಂಗಡಿಯ ಮೊಟ್ಟೆಗೆ ಈ ತೊಂದರೆಯಿಲ್ಲ. ನೀರಿಗೆ ಉಪ್ಪು ಹಾಕಿದರೂ ಪ್ರಯೋಜನವಾಗಿಲ್ಲ.
– ಓದುಗರು, ಚನ್ನಪಟ್ಟಣ

ಉತ್ತರ: ಮೇಲಿನ ಉತ್ತರದಲ್ಲಿ ಹೊಗಳಿಸಿಕೊಂಡ ಹೊಸ ಮೊಟ್ಟೆ ಇಲ್ಲಿ ತೊಂದರೆ ಕೊಡುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಹೋದಂತೆ ಬಿಳಿಯ ಕ್ಷಾರೀಯತೆ ಹೆಚ್ಚಿ, ಬೆಂದ ಬಿಳಿಗೂ ಅದರ ಹೊರಗಿನ ಪೊರೆಗೂ ಇರುವ ಹಿಡಿತ ಸಡಿಲವಾಗುತ್ತದೆ. ಅಂದು ಇಟ್ಟ ಮೊಟ್ಟೆಯಲ್ಲಿ ಇದು ಇನ್ನೂ ಆಗಿರುವುದಿಲ್ಲ. ಅಂಗಡಿಗೆ ಬರುವಷ್ಟರಲ್ಲಿ ಫಾರಂ ಮೊಟ್ಟೆಗೆ ಕೆಲವು ದಿನಗಳಾದರೂ ಕಳೆದಿರುತ್ತವೆ. ಆದ್ದರಿಂದ ನಿಮ್ಮ ಹೊಸ ಮೊಟ್ಟೆಗಳನ್ನು ಒಡೆದು ಹಾಕುವ ಸಾರಿಗೋ ಆಮ್ಲೆಟ್‌ಗೋ ಬಳಸಿ, ಬೇಯಿಸಲು ಬೇಕಾದವನ್ನು ಒಂದು ವಾರ ಫ್ರಿಜ್ಜಿನಲ್ಲಿಡಿ. ಅಂದೇ ಬೇಯಿಸಬೇಕಾಗಿ ಬಂದರೆ ತಣ್ಣೀರಿನಲ್ಲಿಟ್ಟು ಒಲೆ ಹಚ್ಚದೆ, ಆಗಲೇ ಕುದಿಯುತ್ತಿರುವ ನೀರಿಗೆ ಚಮಚದಿಂದ ಇಳಿಸಿ. ಬೆಂದ ಮೇಲೆ ತಣ್ಣೀರಿಗೆ ಹಾಕಿ, ಗಾಳಿ ತುಂಬಿರುವ ಅಗಲ ತುದಿಯಿಂದ ಸುಲಿಯಲು ಆರಂಭಿಸಿ. ಉಪ್ಪಿನಿಂದ ಸುಲಿಯುವುದು ಸುಲಭವಾಗುತ್ತದೆಂದು ನಾನು ನಂಬುವುದಿಲ್ಲ.

ಪ್ರಶ್ನೆ: ಬೇಯಿಸಿದ ಮೊಟ್ಟೆಯ ಹಳದಿಯ ಸುತ್ತ ಹಸಿರು ಬಳೆ ಕಾಣುತ್ತದೆ. ತಿನ್ನಬಹುದೇ?
– ಓದುಗರು, ಬೆಂಗಳೂರು

ಉತ್ತರ: ತಿನ್ನಬಹುದು. ಹೆಚ್ಚು ಹೊತ್ತು ಬೆಂದಾಗ ಬಿಳಿಯಿಂದ ಹೊರಬರುವ ಗಂಧಕದ ಅನಿಲವು ಹಳದಿಯಲ್ಲಿರುವ ಕಬ್ಬಿಣದೊಂದಿಗೆ ಸೇರಿ ಆ ಬಣ್ಣ ಬರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ನಿಮ್ಮ ಊರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಮಂಗಳೂರಿಗಿಂತ ತುಸು ಹೆಚ್ಚು ಹೊತ್ತು ಬೇಕಾದೀತು. ಆದರೂ ಕುದಿಯುವ ನೀರಿಗೆ ಇಳಿಸಿದ ಮೇಲೆ 11–12 ನಿಮಿಷ ಸಾಕು, ಕೂಡಲೇ ತಣ್ಣೀರಿಗೆ ಹಾಕಿ. ಬೇಯಿಸಿದ ಮೊಟ್ಟೆಯನ್ನು ಸಾರಿನಲ್ಲಿಟ್ಟು ಮತ್ತೆಮತ್ತೆ ಕುದಿಸಿದರೂ ಹಸಿರು ಬರುತ್ತದೆಯಾದ್ದರಿಂದ, ಸಾರನ್ನು ಬಿಸಿ ಮಾಡಿಕೊಂಡು ಊಟಕ್ಕೆ ಕೂರುವ ಮುನ್ನ ಮೊಟ್ಟೆ ಹಾಕುವುದು ಲೇಸು.