ಕಣ್ಣಿನ ಪೊರೆ ಆಪರೇಷನ್ ಜೊತೆಗೇ ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದೆ ನೋಟ ಮಸುಕಾಗುವ ದೋಷ) ಕೂಡ ಸರಿಮಾಡಿಸಬಹುದಾ?

ಮಾಡಿಸಬಹುದು. ಆದರೆ ಕನ್ನಡಕದ ಚೀಟಿಯಲ್ಲಿರುವ ಸಿಲಿಂಡರ್ ನಂಬರ್ ನೋಡಿ ಸುಮ್ನೆ ನಿರ್ಧಾರ ಮಾಡಬೇಡಿ. ಆ ನಂಬರಿನಲ್ಲಿ ಒಂದು ಪಾಲು ಕಾರ್ನಿಯಾದ್ದು (ಕಣ್ಣಿನ ಮುಂಭಾಗದ ಪಾರದರ್ಶಕ ಪದರ), ಇನ್ನೊಂದು ಪಾಲು ಒಳಗಿನ ಮಸೂರದ್ದು. ಪೊರೆ ಬಂದ ಮಸೂರವನ್ನೇ ತೆಗೆದುಹಾಕುತ್ತಾರಲ್ವಾ, ಅದರ ಪಾಲು ಅಲ್ಲಿಗೇ ಮುಗಿಯಿತು. ಹಾಗಾಗಿ ಕಾರ್ನಿಯಾದ ಬಾಗನ್ನು ಬೇರೆಯಾಗಿ ಅಳೆದೇ ಲೆಕ್ಕ ಹಾಕುತ್ತಾರೆ.

ಸಿಲಿಂಡರ್ ಕಡಿಮೆ ಇದ್ದರೆ ಕಾರ್ನಿಯಾದ ಅಂಚಿನಲ್ಲಿ ಸಣ್ಣ ಗೀರು ಹಾಕಿ ಬಾಗನ್ನು ಸ್ವಲ್ಪ ಸಡಿಲಿಸುತ್ತಾರೆ. 1 ಡಯಾಪ್ಟರ್ (ಪವರ್ ಅಳೆಯುವ ಮಾನ) ದಾಟಿದರೆ ಸಾಮಾನ್ಯವಾಗಿ ಟೋರಿಕ್ ಲೆನ್ಸ್, ಅಂದರೆ ತೆಗೆದ ಮಸೂರದ ಜಾಗದಲ್ಲಿ ಕೂರಿಸುವ, ಸಿಲಿಂಡರ್ ಪವರನ್ನೂ ಸರಿಮಾಡುವ ಕೃತಕ ಮಸೂರ ಹಾಕುತ್ತಾರೆ. ನನ್ನ ಪ್ರಕಾರ ಜಾಸ್ತಿ ನೆಚ್ಚಿಕೊಳ್ಳಬಹುದಾದದ್ದು ಅದೇ.

ಟೋರಿಕ್ ಲೆನ್ಸ್ ಸರಿಯಾದ ಕೋನದಲ್ಲೇ ಕೂರಬೇಕು. 1 ಡಿಗ್ರಿ ತಿರುಗಿದರೂ ಸುಮಾರು ಶೇ. 3ರಷ್ಟು ಲಾಭ ಹೋಗುತ್ತದೆ. 30 ಡಿಗ್ರಿ ತಿರುಗಿತೋ, ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಇನ್ನೊಂದು ವಿಷಯ, ಮಲಗಿದಾಗ ಕಣ್ಣುಗುಡ್ಡೆ ತಾನೇ ಸ್ವಲ್ಪ ಹೊರಳುತ್ತದೆ. ಅದಕ್ಕೇ ನಿಮ್ಮನ್ನು ನೆಟ್ಟಗೆ ಕೂರಿಸಿ, ಕಣ್ಣಿನ ಬಿಳಿ ಅಂಚಿನಲ್ಲಿ ಶಾಯಿಯಿಂದ ಗುರುತು ಹಾಕಿಕೊಳ್ಳುತ್ತಾರೆ. ಗಾಬರಿ ಬೇಡ, ನೋವಾಗುವುದಿಲ್ಲ. ಆಪರೇಷನ್ ಆದಮೇಲೆ ಲೆನ್ಸ್ ತಿರುಗಿದರೆ ಮತ್ತೆ ಸರಿಯಾಗಿ ಕೂರಿಸಲೂ ಬಹುದು.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಳತೆಗೆ ಮುಂಚೆ ಎಷ್ಟು ದಿನ ಬಿಡಬೇಕು ಅಂತ ಡಾಕ್ಟರನ್ನು ಕೇಳಿಕೊಳ್ಳಿ. ಆ ಲೆನ್ಸ್ ಕಾರ್ನಿಯಾದ ಆಕಾರವನ್ನೇ ಬದಲಿಸಿರಬಹುದು. ಕಣ್ಣು ಒಣಗಿದ್ದರೂ ಅಳತೆ ತಪ್ಪುತ್ತದೆ, ಮೊದಲು ಅದಕ್ಕೆ ಔಷಧಿ ಆಗಲಿ.

ಹಾಂ, ಮಾಮೂಲಿ ಟೋರಿಕ್ ಲೆನ್ಸ್ (ಒಂದೇ ದೂರಕ್ಕೆ ಹೊಂದುವಂಥದ್ದು) ದೂರದ ನೋಟಕ್ಕೆ ಹೊಂದಿಸಿದ್ದರೆ ಓದುವುದಕ್ಕೆ ಕನ್ನಡಕ ಬೇಕೇ ಬೇಕು.